ಗಾಯಕಿ ಆಶಾ ಪುಥ್ಲೀನ ಕೊನೇ ಪುಟಕ್ಕೆ ತಳ್ಳಿಬಿಟ್ರಲ್ಲ!

ನಮಸ್ಕಾರ. ‘ಸ್ಕ್ವಾದ್ರಾ ಆಂಟಿಗ್ಯಾಂಗ್‌ಸ್ಟರ್ಸ್’ ಅನ್ನೋ ಇಟಾಲಿಯನ್ ಸಿನಿಮಾ (1979) ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರೋ ಹಾಗೆ ಹಾಕಕ್ಕಾಗಲ್ಲ, ಆದ್ರೆ ಪಕ್ಕಕ್ಕಿಡೋಕೂ ಮನಸ್ಸಾಗ್ತಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಶುರುವಿನ ಅರ್ಧ ಬರೀ ಕಥೆ. ರೋಮ್‌ನ ಪೊಲೀಸ್ ನಿಕೋ ಜಿರಾಲ್ಡಿ ಅಮೆರಿಕಾಕ್ಕೆ ಹೋದ, ಹೊಡೆದ, ಬೈದ, ಮತ್ತೆ ಹೊಡೆದ. ಬ್ರೂನೋ ಕೊರ್ಬುಚಿ 1976ರಿಂದ 1984ರವರೆಗೆ ಈ ನಿಕೋನ ಇಟ್ಕೊಂಡು 11 ಸಿನಿಮಾ ತೆಗೆದಿದಾರೆ, ಇದು ಐದನೇದು, ಅಷ್ಟು ಹೇಳಿದ್ರೆ ಯಾವ ಥರದ ಸರಕು ಅಂತ ಗೊತ್ತಾಗುತ್ತೆ. ‘ಮರೆತುಹೋದ ಮಾಸ್ಟರ್‌ಪೀಸ್’ ಅಂದಿದೀರ. ಅಲ್ಲ ಸ್ವಾಮಿ! ಟೈಮ್‌ಪಾಸ್ ಸಿನಿಮಾ ಅದು, ಹಾಗಂತಲೇ ಬರೀರಿ, ಏನೂ ಕಮ್ಮಿ ಆಗಲ್ಲ.

ಹಳೇ ರೆಕಾರ್ಡ್ ಸೇರಿಸೋರು ಹುಡುಕೋದು ಈ ಸಿನಿಮಾದ ಮ್ಯೂಸಿಕ್ ರೆಕಾರ್ಡ್‌ನ. ಮ್ಯೂಸಿಕ್ ಇಟಲಿಯ ಗಾಬ್ಲಿನ್ ಬ್ಯಾಂಡ್‌ದು, ‘ಸುಸ್ಪಿರಿಯಾ’ ಅನ್ನೋ ಹಾರರ್ ಸಿನಿಮಾದಲ್ಲಿ ಜನರ ಬೆವರಿಳಿಸಿದ ಅದೇ ಗಾಬ್ಲಿನ್, ಎರಡೇ ವರ್ಷ ಆದ್ಮೇಲೆ ಇಲ್ಲಿ ಬಂದು ಡಿಸ್ಕೋ ಬಾರಿಸ್ತಿದಾರೆ, ಅದರ ಮೇಲೆ ‘ದಿ ವಿಪ್’ ಅಂತ ಒಂದು ಹಾಡು, ಹಾಡಿರೋದು ನಮ್ಮ ಮುಂಬೈಯಲ್ಲಿ ಹುಟ್ಟಿದ ಆಶಾ ಪುಥ್ಲಿ, ಜಾಝ್ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಜೊತೆ ‘ಸೈನ್ಸ್ ಫಿಕ್ಷನ್’ ಆಲ್ಬಮ್‌ನಲ್ಲಿ ಹಾಡಿದ್ರಲ್ಲ ಅವರೇ. ಸಿನಿಮಾದಲ್ಲೂ ಇದಾರೆ. ಹಾರರ್ ಹುಚ್ಚಿನವರು, ಡಿಸ್ಕೋ ಡಿಜೆಗಳು, ಹಳೇ ಇಟಾಲಿಯನ್ ಪೊಲೀಸ್ ಸಿನಿಮಾ ಸೇರಿಸೋರು, ಎಲ್ಲಾರೂ ಒಂದೇ ಎಲ್‌ಪಿಗೆ ಕೈ ಹಾಕೋದು ಇದಕ್ಕೇ ಅಲ್ವಾ? ಇಷ್ಟೆಲ್ಲ ನಿಮಗೆ ಗೊತ್ತು, ಗೊತ್ತಿದ್ದೂ ಕೊನೇ ಪುಟದಲ್ಲಿ ಎರಡು ಲೈನ್ ಬರೆದು ಮುಗಿಸಿದೀರ. ಊಟ ಎಲ್ಲ ಆದ್ಮೇಲೆ ಹೋಳಿಗೆ ಬಡಿಸಿದ ಹಾಗಾಯ್ತು.

ಇನ್ನೊಂದು. ‘ಜೋಕ್‌ಗಳು ಸಪ್ಪೆ’ ಅಂದಿದೀರ, ಇಂಗ್ಲಿಷ್ ಡಬ್ ನೋಡಿದೀರ ಅನ್ಸುತ್ತೆ. ನಿಕೋ ಪಾತ್ರ ಮಾಡಿದ ಟೋಮಾಸ್ ಮಿಲಿಯನ್ ಕ್ಯೂಬಾದವನು, ಅವನಿಗೆ ಆ ರೋಮ್ ಗಲ್ಲಿ ಬಾಯಿ ಕೊಟ್ಟಿದ್ದು ಡಬ್ಬಿಂಗ್ ಕಲಾವಿದ ಫೆರುಚ್ಚೋ ಅಮೆಂಡೋಲಾ, ಇಟಲೀಲಿ ಡಿ ನಿರೋ, ಸ್ಟಲೋನ್‌ಗೆಲ್ಲ ದನಿ ಕೊಟ್ಟೋರು. ನಿಕೋ ಅಂದ್ರೆ ಅರ್ಧ ಆ ದನೀನೇ. ಇಟಾಲಿಯನ್ ಪ್ರಿಂಟ್ ಸಬ್‌ಟೈಟಲ್ ಹಾಕ್ಕೊಂಡು ಇನ್ನೊಂದ್ಸಲ ನೋಡಿ, ಆಮೇಲೂ ಸಪ್ಪೆ ಅನ್ಸಿದ್ರೆ ಆ ವಾಕ್ಯ ಇಟ್ಕೊಳ್ಳಿ.

ಹಾಗೇ ‘ರೆಕಾರ್ಡ್ ತುಂಬಾ ದುಬಾರಿ’ ಅಂತ ಬರೆದು ಬಿಟ್ರೆ ಓದೋರಿಗೆ ಏನು ಸಿಕ್ತು? 1979ರಲ್ಲಿ ಸಿನೆವಾಕ್ಸ್ ಕಂಪನಿ ತಂದ ಒರಿಜಿನಲ್ಲಾ, ಆಮೇಲಿನ ರೀಇಶ್ಯೂನಾ, ಕವರ್ ಹೇಗಿದೆ, ನಿಮ್ಮತ್ರ ಇರೋದು ಯಾವುದು, ಅದು ಹೇಳಿ. ಕಥೆ ನಾಕು ಸಾಲಿಗೆ ಇಳಿಸಿ, ಆಶಾ ಪುಥ್ಲಿಯಿಂದ ಶುರು ಮಾಡಿ. ಉದ್ದ ಈಗಿನದರ ಅರ್ಧ ಸಾಕು. ಮುಂದಿನ ತಿಂಗಳೊಳಗೆ ಕಳಿಸಿದ್ರೆ ಜಾಗ ಇಟ್ಟಿರ್ತೀನಿ.