ಓದುಗರ ಪ್ರಶ್ನೆ: ಸುಣ್ಣದ ಅಳತೆ, ಆಮ್ಲದ ಲೆಕ್ಕ

ಪ್ರಶ್ನೆ: ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆಗೆ ಯಾವತ್ತೂ ಒಂದೇ ಚೊಂಬು ಸುಣ್ಣದ ನೀರು. ಆದರೂ ಒಂದು ದಿನ ಬೆಲ್ಲ ಜಿಗುಟು, ಇನ್ನೊಂದು ದಿನ ಕಪ್ಪು. ಯಾಕೆ? (ಪಾಂಡವಪುರದ ಓದುಗರು)

ಚೊಂಬು ಒಂದೇ ಇರಬಹುದು, ಅದರೊಳಗಿನ ಸುಣ್ಣವೂ ಕೊಪ್ಪರಿಗೆಯ ಹಾಲೂ ದಿನಕ್ಕೊಂದು ಥರ. ಆಗತಾನೆ ಅರೆದ ಕಬ್ಬಿನ ಹಾಲಿನ ಪಿಎಚ್ (ಹುಳಿ, ಕ್ಷಾರದ ಅಳತೆ: 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಸುಮಾರು 5.2ರಿಂದ 5.5. ಕಡಿದು ಎರಡು ಮೂರು ದಿನ ಬಿಟ್ಟ ಕಬ್ಬಿನದು ಇನ್ನೂ ಹುಳಿ. ಸುಣ್ಣ ಹಾಕುವುದು ಈ ಹುಳಿ ಮುರಿಯಲು. ಹುಳಿಯಲ್ಲೇ ಕುದಿಸಿದರೆ ಸುಕ್ರೋಸ್, ಅಂದರೆ ಕಬ್ಬಿನ ಸಕ್ಕರೆ, ಒಡೆದು ಗ್ಲುಕೋಸ್, ಫ್ರಕ್ಟೋಸ್ ಆಗುತ್ತದೆ. ಇವು ಬೆಲ್ಲವನ್ನು ಹರಳುಗಟ್ಟಲು ಬಿಡುವುದಿಲ್ಲ, ಗಾಳಿಯ ತೇವವನ್ನೂ ಎಳೆಯುತ್ತವೆ. ಜಿಗುಟಿಗೆ ಇದೇ ಕಾರಣ. ಸುಣ್ಣ ಮಿತಿಮೀರಿದರೆ ಇದೇ ಗ್ಲುಕೋಸ್, ಫ್ರಕ್ಟೋಸ್ ಕ್ಷಾರದಲ್ಲಿ ಬೆಂದು ಕಂದು ಬಣ್ಣದ ವಸ್ತುಗಳಾಗುತ್ತವೆ, ಬೆಲ್ಲ ಕಪ್ಪಾಗುತ್ತದೆ. ನಿಮಗೆ ಬೇಕಾದ್ದು 6ರಿಂದ 6.5ರ ಒಳಗಿನ ಪಿಎಚ್.

ಇನ್ನು ಸುಣ್ಣ. ಒಂದು ಲೀಟರ್ ನೀರಿನಲ್ಲಿ ಕರಗುವುದು ಹೆಚ್ಚೆಂದರೆ 1.7 ಗ್ರಾಂ, ಉಳಿದದ್ದು ತಳ ಸೇರುತ್ತದೆ. ಕಲಕದೆ ಮೇಲಿನ ತಿಳಿ ಮೊಗೆದರೆ ಏನೂ ಸಾಲದು, ತಳದ ಗಷ್ಟು ಮೊಗೆದರೆ ವಿಪರೀತ. ಬಾಯಿ ತೆರೆದಿಟ್ಟ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತಾ ಹೋಗುತ್ತದೆ. ಅದು ಹುಳಿ ಮುರಿಯುವುದು ಬಹಳ ನಿಧಾನ. ಆದ್ದರಿಂದ ಸುಟ್ಟ ಸುಣ್ಣವನ್ನು ಹೊಸದಾಗಿ ಅರಳಿಸಿ, ಮುಚ್ಚಳ ಹಾಕಿಡಿ.

ಅಳತೆ ಹೀಗೆ: ಅರಳಿಸಿದ ಸುಣ್ಣದ ಒಣ ಪುಡಿ 50 ಗ್ರಾಂ ತೂಗಿ, ನೀರು ಬೆರೆಸಿ ಒಂದು ಲೀಟರ್ ಸುಣ್ಣದ ಹಾಲು ಮಾಡಿ. ಸೋಸಿದ ಒಂದು ಲೀಟರ್ ಕಬ್ಬಿನ ಹಾಲಿಗೆ ಸೂಜಿಯಿಲ್ಲದ ಸಿರಿಂಜಿನಲ್ಲಿ 1 ಎಂ.ಎಲ್.ನಂತೆ ಹಾಕಿ, ಪ್ರತಿ ಸಲ ಕಲಕಿ ಒಂದು ನಿಮಿಷ ಬಿಟ್ಟು ಪಿಎಚ್ ನೋಡಿ. 4 ಎಂ.ಎಲ್.ಗೆ 6.2 ಬಂತು ಅನ್ನಿ, 500 ಲೀಟರ್ ಕೊಪ್ಪರಿಗೆಗೆ 2 ಲೀಟರ್ ಸಾಕು, ಅಂದರೆ 100 ಗ್ರಾಂ ಸುಣ್ಣ. ಪಿಎಚ್ ಕಾಗದವಾದರೆ 1ರಿಂದ 14ರದ್ದು ಬೇಡ, 5ರಿಂದ 8ರ ಒಳಗೆ ಬಣ್ಣ ಬಿಡಿಸಿ ತೋರಿಸುವಂಥದ್ದು ತನ್ನಿ. ಅರಿಶಿನದ ಕಾಗದ ಇಲ್ಲಿ ಕೆಲಸಕ್ಕೆ ಬಾರದು. ಅದು ಕೆಂಪಾಗಲು ಪಿಎಚ್ 8ರ ಹತ್ತಿರ ಹೋಗಬೇಕು, ಅಷ್ಟರಲ್ಲಿ ಬೆಲ್ಲ ಕೆಟ್ಟಿರುತ್ತದೆ. ಸುಣ್ಣವನ್ನು ಕುದಿ ಬರುವ ಮೊದಲೇ ಹಾಕಿ. ರಸದ ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಗರಣೆಗಟ್ಟಿ ಕಸವನ್ನು ಮಡ್ಡಿಯ ಜೊತೆ ಮೇಲೆ ತರುತ್ತದೆ. ಕಪ್ಪಾದ ಮೇಲೆ ಹೈಡ್ರೋಸ್ (ಸೋಡಿಯಂ ಹೈಡ್ರೋಸಲ್ಫೈಟ್) ಹಾಕಿ ಬಿಳಿಚಿಸುವುದು ತಪ್ಪು ಮುಚ್ಚುವ ಕೆಲಸ. ದಾಸ್ತಾನಿನಲ್ಲಿ ಬೆಲ್ಲ ಮತ್ತೆ ಕಪ್ಪಾಗುತ್ತದೆ.

ಪ್ರಶ್ನೆ: ನಾಲೆ ಬಯಲಿನ ಗದ್ದೆ, ಮಣ್ಣಿನ ರಸಸಾರ 9.1 ಎಂದು ಬಂದಿದೆ. ಸುಣ್ಣ ಹಾಕಲೇ? (ಮದ್ದೂರಿನ ಓದುಗರು)

ಖಂಡಿತ ಬೇಡ. ರಸಸಾರವೆಂದರೆ ಪಿಎಚ್ಚೇ. ಸುಣ್ಣ ಹುಳಿ ಮಣ್ಣಿಗೆ. ನಿಮ್ಮದು ಸೋಡಿಯಂ ಏರಿದ ಚೌಳು ಇರಬೇಕು. ಅದಕ್ಕೆ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್). ಜಿಪ್ಸಂ ಆಮ್ಲವಲ್ಲ. ಅದರ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಅನ್ನು ಕಿತ್ತು ಸೋಡಿಯಂ ಸಲ್ಫೇಟ್ ಮಾಡುತ್ತದೆ, ಅದು ನೀರಲ್ಲಿ ಕರಗಿ ಹೋಗಬೇಕು. ಬಸಿಗಾಲುವೆ ಇಲ್ಲದಿದ್ದರೆ ಎಲ್ಲಿಗೂ ಹೋಗದು, ಜಿಪ್ಸಂ ದುಡ್ಡು ದಂಡ. ಮೊದಲು ಬಸಿಗಾಲುವೆ ತೋಡಿ. ಎಕರೆಗೆ ಎಷ್ಟು ಎನ್ನುವುದನ್ನು ಪಕ್ಕದ ಗದ್ದೆ ನೋಡಿ ಹೇಳಲಾಗದು, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಚಾರಿಸಿ, ಜಿಪ್ಸಂ ಅಗತ್ಯದ ಪರೀಕ್ಷೆಯನ್ನೇ ಕೇಳಿ ಮಾಡಿಸಿ.

ಪ್ರಶ್ನೆ: ಅಸಿಟಿಕ್ ಆಮ್ಲದ ಟೈಟ್ರೇಷನ್‌ನಲ್ಲಿ ಮೀಥೈಲ್ ಆರೆಂಜ್ ಹಾಕಿದರೆ ರೀಡಿಂಗ್ ಕಡಿಮೆ ಬರುತ್ತದೆ. ತಟಸ್ಥವಾದರೆ ಪಿಎಚ್ 7 ಅಲ್ಲವೇ? (ಪಿಯುಸಿ ವಿದ್ಯಾರ್ಥಿನಿ, ಮೈಸೂರು)

ಅಲ್ಲ. ಪ್ರಬಲ ಆಮ್ಲ, ಪ್ರಬಲ ಪ್ರತ್ಯಾಮ್ಲ ಸೇರಿದಾಗ ಮಾತ್ರ 7. ಟೈಟ್ರೇಷನ್‌ನಲ್ಲಿ ದುರ್ಬಲವಾದ ಅಸಿಟಿಕ್ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಅಳೆದು ಹನಿಸಿ ನೀವು ತಯಾರಿಸುತ್ತಿರುವುದು ಸೋಡಿಯಂ ಅಸಿಟೇಟ್. ಅಸಿಟೇಟ್ ಅಯಾನು ನೀರಿನಿಂದ ಸ್ವಲ್ಪ ಹೈಡ್ರೋಜನ್ ಅಯಾನು ಕಿತ್ತುಕೊಂಡು ಹೈಡ್ರಾಕ್ಸೈಡ್ ಉಳಿಸುತ್ತದೆ. 0.1 ಮೋಲಾರ್ ದ್ರಾವಣಗಳಾದರೆ ಸಮತುಲ್ಯ ಬಿಂದು, ಅಂದರೆ ಆಮ್ಲಕ್ಕೆ ಸರಿಸಮ ಪ್ರತ್ಯಾಮ್ಲ ಬಿದ್ದ ಹಂತ, ಪಿಎಚ್ 8.7ರಲ್ಲಿ. ಮೀಥೈಲ್ ಆರೆಂಜ್ 3.1ರಿಂದ 4.4ರಲ್ಲೇ ಬಣ್ಣ ಬದಲಿಸಿ, ಕೆಲಸ ಅರ್ಧವಾಗುವ ಮುಂಚೆಯೇ ಮುಗಿಯಿತು ಎನ್ನುತ್ತದೆ. ಫಿನಾಲ್ಫ್ತಲೀನ್ (8.3ರಿಂದ 10) ಬಳಸಿ. ತಿಳಿ ಗುಲಾಬಿ ಅರ್ಧ ನಿಮಿಷ ನಿಂತರೆ ರೀಡಿಂಗ್ ತೆಗೆದುಕೊಳ್ಳಿ. ಆಮೇಲೆ ಬಣ್ಣ ಮಾಸಿದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕಾರಣ, ಮತ್ತೆ ಹನಿ ಹಾಕಬೇಡಿ.

ಪ್ರಶ್ನೆ: ಬಚ್ಚಲು ತೊಳೆಯುವ ಆ್ಯಸಿಡ್ ಕೈಗೆ ಬಿದ್ದರೆ ಅಡುಗೆ ಸೋಡಾ ಹಚ್ಚಬಹುದೇ? (ನಂಜನಗೂಡಿನ ಓದುಗರು)

ಬೇಡ. ತಟಸ್ಥೀಕರಣದಲ್ಲಿ ಶಾಖ ಹುಟ್ಟುತ್ತದೆ, ಸೋಡಾ ಹುಡುಕುವಷ್ಟರಲ್ಲಿ ಚರ್ಮವೂ ಸುಟ್ಟಿರುತ್ತದೆ. ಬಳೆ, ಉಂಗುರ ತೆಗೆದು ನಲ್ಲಿ ನೀರು 20 ನಿಮಿಷ ಬಿಡಿ. ಕಣ್ಣಿಗೆ ಸಿಡಿದಿದ್ದರೆ ಹಾಗೇ ತೊಳೆದು ಆಸ್ಪತ್ರೆಗೆ ಹೋಗಿ. ಸೋಡಾ ನೆಲಕ್ಕೆ ಚೆಲ್ಲಿದ್ದಕ್ಕೆ: ನೊರೆ ನಿಲ್ಲುವವರೆಗೆ ಉದುರಿಸಿ, ಆಮೇಲೆ ನೀರು ಹಾಕಿ. ಅದೇ ಆ್ಯಸಿಡ್ ಮೇಲೆ ಬ್ಲೀಚಿಂಗ್ ಪೌಡರ್ ಮಾತ್ರ ಹಾಕಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.