ಚಿತ್ತಾಪುರದ ನಾಯಿಯ ಪ್ರಶ್ನೆಗೆ: ಗುರುಗುಟ್ಟುವುದರ ಹಿಂದಿನ ಕಾರಣ

ಚಿತ್ತಾಪುರದ ಸಹೋದರರಿಗೆ ನಮಸ್ಕಾರ. ಮೂರು ವರ್ಷದ ನಿಮ್ಮ ಮುಧೋಳ ಮಿಶ್ರತಳಿಯ ನಾಯಿ ಯುಗಾದಿಯವರೆಗೂ ಮಕ್ಕಳೊಡನೆ ಆಡಿಕೊಂಡಿತ್ತು, ಪಕ್ಕದವರ ಆಡು ಅಟ್ಟಿತೆಂದು ತಗಡಿನ ಶೆಡ್ಡಿನಲ್ಲಿ ಕಟ್ಟತೊಡಗಿದ ಮೇಲೆ ಕೊರಳ ಪಟ್ಟಿಗೆ ಕೈ ಹಾಕಿದರೆ ಗುರುಗುಟ್ಟುತ್ತದೆ, ಮೊನ್ನೆ ಮಗನ ಕೈಗೆ ಹಲ್ಲು ತಾಗಿಸಿತು ಎಂದು ಬರೆದಿದ್ದೀರಿ. ಎರಡು ಏಟು ಹಾಕಿರಿ, ಉಪವಾಸ ಕೆಡವಿರಿ ಎಂಬ ಸಲಹೆಗಳೂ ಬಂದಿವೆ. ನಾನು ಅವನ್ನು ಒಪ್ಪುವುದಿಲ್ಲ.

ಮೊದಲು ಮಗನ ಕೈ ನೋಡಿ. ಚರ್ಮ ತುಸು ತರಚಿದ್ದರೂ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ; ನಾಯಿಗೆ ರೇಬೀಸ್ (ಹುಚ್ಚುನಾಯಿ ರೋಗ) ಲಸಿಕೆ ಆಗಿದೆಯೆಂದು ತಡಮಾಡಬೇಡಿ, ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚಲೂಬೇಡಿ. ನಾಯಿಯನ್ನು 10 ದಿನ ಗಮನಿಸಿ. ನುಂಗಲು ಕಷ್ಟಪಡುವುದು, ಜೊಲ್ಲು ಸುರಿಸುವುದು, ಬೊಗಳುವ ಧ್ವನಿ ಬದಲಾಗುವುದು, ನಡೆಯುವಾಗ ತೂರಾಡುವುದು ಕಂಡರೆ ಯಾರೂ ಹತ್ತಿರ ಹೋಗದೆ ಪಶುವೈದ್ಯರಿಗೆ ತಿಳಿಸಿ.

ಇನ್ನು ಕಾರಣದ ಮಾತು. ಬೆಳೆದ ನಾಯಿ ಇದ್ದಕ್ಕಿದ್ದಂತೆ ಬದಲಾಗಿ, ಅದೂ ಮೈಯ ಒಂದೇ ಭಾಗ ಮುಟ್ಟಿದಾಗ ಸಿಡುಕಿದರೆ, ಮೊದಲು ನೋವನ್ನೇ ಶಂಕಿಸಬೇಕು. ದೂರದಿಂದಲೇ ನೋಡಿ: ತಲೆ ಒಂದು ಕಡೆಗೆ ವಾಲಿದೆಯೇ, ಮತ್ತೆ ಮತ್ತೆ ಕಿವಿ ಕೊಡವುತ್ತದೆಯೇ, ಹಿಂಗಾಲಿನಿಂದ ಕಿವಿಯ ಬುಡ ಕೆರೆದುಕೊಳ್ಳುತ್ತದೆಯೇ? ಕಿವಿಯೊಳಗೆ ಚಹಾ ಪುಡಿಯಂಥ ಕಪ್ಪು ಕೊಳೆ, ಕೆಟ್ಟ ವಾಸನೆ ಇದ್ದರೆ ಸೋಂಕು ಅಥವಾ ಕಿವಿನುಸಿ ಇರಬಹುದು. ಪಟ್ಟಿಯ ಅಡಿಯಲ್ಲಿ ಕೂದಲು ಸವೆದು ಹುಣ್ಣಾಗಿರಬಹುದು, ಉಣ್ಣೆಹುಳುಗಳೂ ಅಲ್ಲೇ ಗುಂಪಾಗಿ ಕಚ್ಚಿಕೊಂಡಿರುತ್ತವೆ. ಅವುಗಳಿಂದ ಬರುವ ಜ್ವರದಲ್ಲಿ ನಾಯಿ ಮಂಕಾಗಿ, ಮುಟ್ಟಿದರೆ ರೇಗಬಹುದು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಬಾಯಿಕುಕ್ಕೆ ಹಾಕಿಸಿಯೇ ಪರೀಕ್ಷೆ ಮಾಡಿಸಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು. ದನಗಳ ಉಣ್ಣೆಯ ಔಷಧವನ್ನು ಅಂದಾಜಿನಲ್ಲಿ ಬಳಿಯುವುದೂ ಅಪಾಯ.

ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಶೆಡ್ಡಿನ ಕಡೆಗೆ ನೋಡಬೇಕು. ನಾಯಿ ಹೆಚ್ಚಾಗಿ ತೇಕುವುದರಿಂದಲೇ ಮೈ ತಣಿಸಿಕೊಳ್ಳುತ್ತದೆ. ನಮ್ಮ ಕಲಬುರಗಿಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಕಾದ ತಗಡಿನ ಕೆಳಗೆ, ಕಾದ ಪರಸಿ ಕಲ್ಲಿನ ಮೇಲೆ ಕಟ್ಟಿಹಾಕಿದರೆ ಅದು ನೆಮ್ಮದಿಯಾಗಿ ಮಲಗಲೂ ಆಗದು. ತೇಕಲು ಬಾಯಿ ತೆರೆಯಲೇಬೇಕಾದ್ದರಿಂದ ಬಾಯಿಗೆ ಬಟ್ಟೆ ಬಿಗಿದು ಬಿಡಬಾರದು. ಸಂಜೆಯವರೆಗೆ ಬೇವಿನ ನೆರಳು, ಮಗುಚದ ಅಗಲವಾದ ಪಾತ್ರೆಯಲ್ಲಿ ನೀರು, ಬೆಳಿಗ್ಗೆ ಹಗ್ಗ ಹಿಡಿದು ಹೊಲದ ಬದುವಿನ ಮೇಲೆ ಓಡಾಟ, ಇಷ್ಟಾದರೂ ಬೇಕು. ಜೊತೆಗೆ, ಪಟ್ಟಿಗೆ ಕೈ ಬಂದಾಗಲೆಲ್ಲ ಸರಪಳಿ ಬೀಳುವುದಾದರೆ ಆ ಕೈಯನ್ನೇ ಅದು ದ್ವೇಷಿಸಲು ಕಲಿಯುತ್ತದೆ. ನೋವು ವಾಸಿಯಾದ ಮೇಲೆ ದೊಡ್ಡವರೊಬ್ಬರು ಕೈಯನ್ನು ಪಟ್ಟಿಯ ಹತ್ತಿರ ತಂದು, ಮುಟ್ಟದೆ, ರೊಟ್ಟಿಯ ಚೂರು ಕೊಟ್ಟು ಕೈ ಹಿಂತೆಗೆಯಲಿ. ಮೈ ಬಿಗಿ ಹಿಡಿಯುವುದನ್ನು ಬಿಟ್ಟ ಮೇಲಷ್ಟೇ ಬೆರಳು ತಾಗಿಸಲಿ.

‘ಮುಧೋಳ ತಳಿಯೇ ಹಾಗೆ’ ಎಂದವರಿಗೆ ಒಂದು ಮಾತು. ಅದು ಕಣ್ಣಿಟ್ಟು ಅಟ್ಟುವ ಬೇಟೆ ನಾಯಿ. ಆಡಿನ ಬೆನ್ನು ಹತ್ತಿದ್ದಕ್ಕೆ ತಳಿ ಕಾರಣವಿರಬಹುದು, ಕೊರಳು ಮುಟ್ಟಿದರೆ ಗುರುಗುಟ್ಟುವುದಕ್ಕಲ್ಲ.

ಗುರುಗುಟ್ಟಿದ್ದಕ್ಕೆ ಹೊಡೆಯಲೇಬೇಡಿ. ಹೊಡೆತ ತಿಂದ ನಾಯಿ ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರವಾಗಿ ಕಚ್ಚಬಹುದು. ಸದ್ಯಕ್ಕೆ ಮಕ್ಕಳನ್ನು ಅದರೊಡನೆ ಒಂಟಿಯಾಗಿ ಬಿಡದೆ, ಯಾವ ಕಡೆ ಮುಟ್ಟಿದರೆ ಸಿಡುಕುತ್ತದೆ, ಎಂದಿನಿಂದ ಎಂಬುದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿ, ಅವರು ಕಿವಿಯ ಬಗ್ಗೆ ಏನೆಂದರೆಂದು ಇಲ್ಲಿಯೂ ಬರೆಯಿರಿ.