ಶಂಕರಹೊಂಡದಿಂದ ತದಡಿಗೆ: ದೋಣಿ ಎಲ್ಲಿ ಹತ್ತೋದು?

ಪ್ರಶ್ನೆ: ಅಕ್ಕಾ, ನಾವು ಶಿರಸಿಯ ಐದು ಜನ ಗೆಳತಿಯರು. ಎಲ್ಲರಿಗೂ ಚಾರಣದ ಹುಚ್ಚು, ಇಬ್ಬರಿಗೆ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ನಡೆಸಲು ಗೊತ್ತು. ಅಘನಾಶಿನಿ ಉಳಿಸಬೇಕು ಅಂತ ಹೊಳೆ ಹುಟ್ಟುವಲ್ಲಿಂದ ಅದು ಸಮುದ್ರ ಸೇರುವ ತದಡಿಯ ತನಕ ದೋಣಿಯಲ್ಲಿ ಹೋಗುವ ಆಸೆ. ದಾರಿಯುದ್ದಕ್ಕೂ ಪ್ಲಾಸ್ಟಿಕ್ ಹೆಕ್ಕುತ್ತೇವೆ. ಮನೆಯಲ್ಲಿ "ಹೆಂಗಸರಿಗೆ ಯಾಕೆ ಈ ಉಸಾಬರಿ" ಅಂತಾರೆ. ಹೋಗಬಹುದಾ?
– ಓದುಗಿ, ಶಿರಸಿ

ಉತ್ತರ: ಹೋಗಿ ತಂಗಿ, ಧಾರಾಳವಾಗಿ ಹೋಗಿ. ಆದರೆ ಇಡೀ ದಾರಿ ದೋಣಿಯಲ್ಲಿ ಆಗುವುದಿಲ್ಲ. ನಿಮ್ಮೂರಿನ ಶಂಕರಹೊಂಡದಲ್ಲಿ ಹುಟ್ಟುವುದು ಒಂದು ಸಣ್ಣ ಹರಿವು, ಪಾದ ನೆನೆದರೆ ಹೆಚ್ಚು. ಮುಂದೆ ಉಂಚಳ್ಳಿಯಲ್ಲಿ ಹೊಳೆ 116 ಮೀಟರ್ ಕೆಳಕ್ಕೆ ಧುಮುಕುತ್ತದೆ, ಅಲ್ಲಿ ಕಯಾಕ್ ತಲೆ ಮೇಲೆ ಹೊತ್ತು ನಿಂತರೆ ಸಿಂಗಳೀಕಗಳೂ ನಗುತ್ತವೆ. ಘಟ್ಟದ ಭಾಗ ಪೂರ್ತಿ ನಡಿಗೆ ಅಂತಲೇ ಇಟ್ಟುಕೊಳ್ಳಿ. ಕಾಡಿನೊಳಗಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಕಾಗದದಲ್ಲೇ ಬೇಕು. ಡಿಸೆಂಬರ್, ಜನವರಿ ಒಳ್ಳೆಯದು. ಮಳೆಗಾಲದಲ್ಲಿ ಉಂಬಳದ (ಜಿಗಣೆ) ಕಾಟ ಬಿಡಿ, ನೀರೇ ಬಿಡುವುದಿಲ್ಲ.

ದೋಣಿ ಶುರುವಾಗುವುದು ಘಟ್ಟ ಇಳಿದ ಮೇಲೆ, ಕುಮಟಾ ತಾಲ್ಲೂಕಿನ ಬಯಲಲ್ಲಿ. ಅಲ್ಲಿ ಹೊಳೆಯ ಯಜಮಾನ ಸಮುದ್ರ. ದಿನಕ್ಕೆ ಎರಡು ಭರತ, ಎರಡು ಇಳಿತ, ಅದರ ಹೊತ್ತೂ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಬೆಳಿಗ್ಗೆ ಎಂಟಕ್ಕೆ ಹೊರಟೆವು, ನಾಳೆಯೂ ಎಂಟಕ್ಕೇ ಹೊರಡೋಣ ಅಂದರೆ ಕೆಟ್ಟಿರಿ. ನಾನು ಹಾಗೆ ಕೆಟ್ಟವಳೇ. ಮಿರ್ಜಾನಿನ ಕೆಳಗೆ ಇಳಿತದ ಲೆಕ್ಕ ತಪ್ಪಿ ದೋಣಿ ರಾಡಿಯಲ್ಲಿ ಕೂತುಬಿಟ್ಟಿತು, ಇಳಿದರೆ ಮೊಣಕಾಲು ಮುಳುಗುತ್ತದೆ, ಕೂತರೆ ಬಿಸಿಲು, ಮೂರು ಗಂಟೆ ಹಾಗೇ ಕಳೆಯಿತು. ಪಕ್ಕದಲ್ಲೇ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿದ್ದ ಒಬ್ಬ ಅಜ್ಜಿ ಬುಟ್ಟಿ ತುಂಬಿಕೊಂಡು ಮನೆಗೆ ಹೋಗುವಾಗ "ನೀರು ಬಂದ ಮೇಲೆ ಬಾ ಮಗಾ" ಅಂದು ಹೋದರು. ಅವತ್ತೇ ಗೊತ್ತಾಗಿದ್ದು, ಗೈಡ್ ಯಾರಾಗಬೇಕಿತ್ತು ಅಂತ.

ಈಗ ಪ್ಲಾಸ್ಟಿಕ್ ವಿಷಯ. ಹೆಕ್ಕಿ, ಬೇಡ ಅನ್ನುವುದಿಲ್ಲ. ಆದರೆ ಹತ್ತು ಚೀಲ ಹೆಕ್ಕಿ, ಬ್ಯಾನರ್ ಹಿಡಿದು ಫೋಟೊ ತೆಗೆದರೆ ಮುಂದಿನ ಮಳೆಗೆ ಇನ್ನು ಇಪ್ಪತ್ತು ಚೀಲ ಬರುತ್ತದೆ, ಅಷ್ಟೇ. ಅದರ ಬದಲು ನೋಟ್‌ಬುಕ್ ಒಯ್ಯಿರಿ. ಹದಿನೈದು ಜಾಗ ಗುರುತಿಸಿ. ಪ್ರತಿ ಜಾಗದಲ್ಲೂ ನೀರಿನ ಬಣ್ಣ, ಆಳ, ಉಪ್ಪು, ಕಂಡ ಹಕ್ಕಿ, ದಡದ ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಬರೆದುಕೊಳ್ಳಿ. ನೀರು ಎಷ್ಟು ತಿಳಿಯಾಗಿದೆ ಅಂತ ನೋಡಲು 20 ಸೆಂಟಿಮೀಟರ್ ಅಗಲದ ತಟ್ಟೆಯನ್ನು ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಹೊಡೆದು ಹಗ್ಗಕ್ಕೆ ಕಟ್ಟಿ ಇಳಿಸಿದರೆ ಸಾಕು, ಅದು ಕಣ್ಣಿಗೆ ಮಾಯವಾಗುವ ಆಳವೇ ಅಳತೆ. ಸೆಕಿ ಡಿಸ್ಕ್ ಅಂತಾರೆ. ಮುಂದಿನ ವರ್ಷ ಅದೇ ಜಾಗ, ಅದೇ ತಿಂಗಳು, ಭರತ-ಇಳಿತದ ಅದೇ ಹೊತ್ತಿಗೆ ಮತ್ತೆ ಹೋಗಿ. ಒಂದು ಸಲದ ಯಾತ್ರೆಯಿಂದ ಹೊಳೆಗೆ ಏನೂ ಉಪಯೋಗ ಆಗುವುದಿಲ್ಲ ಅಂತ ನನ್ನ ಅನಿಸಿಕೆ.

ಯಾಕಿಷ್ಟು ಹೇಳುತ್ತೇನೆ ಅಂದರೆ, ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಮೇಲಿನ ಸಿಹಿನೀರು ಕೆಳಗಿನ ಉಪ್ಪುನೀರಿಗೆ ಸೇರುವುದರ ಮೇಲೆ ಬಳಚು, ಸಿಗಡಿ, ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆ) ಬೆಳೆಯುವ ಕಗ್ಗ ಭತ್ತ ಎಲ್ಲ ನಿಂತಿದೆ. 2024ರಲ್ಲಿ ಹೊಳೆ ಸಮುದ್ರ ಸೇರುವ ಈ ಅಳಿವೆಗೆ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಇನ್ನೊಂದು ಕಡೆ ಹೊಳೆ ನೀರನ್ನು ಘಟ್ಟದಾಚೆಯ ವೇದಾವತಿ ನದಿಗೆ ಒಯ್ಯುವ ಯೋಜನೆಯ ಮಾತು. ನಾಳೆ ಯಾರಾದರೂ "ಸಮುದ್ರಕ್ಕೆ ಹೋಗೋ ನೀರು ಸುಮ್ನೆ ವೇಸ್ಟ್ ಅಲ್ವಾ" ಅಂದಾಗ ನಿಮ್ಮ ನೋಟ್‌ಬುಕ್ ಮುಂದೆ ಇಡಬಹುದು.

ಒಂದು ಕೆಲಸ ಖಂಡಿತ ಮಾಡಿ. ತಂಡದಲ್ಲಿ ಐದೂ ಜನ ಘಟ್ಟದ ಮೇಲಿನವರೇ ಆಗಬೇಡಿ. ಬಳಚು ಹೆಕ್ಕುವ ಇಬ್ಬರನ್ನು ಕರೆಯಿರಿ. ಅವರಿಗೆ ದಿನದ ಕೂಲಿ ತಪ್ಪುತ್ತದೆ, ಅದನ್ನು ಕೊಡಿ. ಮೊದಲು ಅವರು ನಿಮ್ಮ ಕಡೆಯ ಅಡಿಕೆ ತೋಟ ನೋಡಲಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಡ್ರಮ್ಮು, ಪಂಪು ಎಲ್ಲಿ ತೊಳೆಯುತ್ತೀರಿ ಅಂತ ಕೇಳಲಿ. ಅದರಲ್ಲಿರುವ ಮೈಲುತುತ್ತ ಹಳ್ಳಕ್ಕೆ ಹೋದರೆ ಮೀನು, ಚಿಪ್ಪುಜೀವಿಗೆ ವಿಷ. ಈ ಮಾತುಕತೆ ಸ್ವಲ್ಪ ಖಾರ ಆಗಬಹುದು, ಆಗಲಿ.

ಮನೆಯವರಿಗೆ ಬಚೇಂದ್ರಿ ಪಾಲ್ ಕಥೆ ಹೇಳಿ. 1984ರಲ್ಲಿ ಎವರೆಸ್ಟ್ ಹತ್ತಿದವರು, 1994ರಲ್ಲಿ 18 ಹೆಂಗಸರನ್ನು ಕಟ್ಟಿಕೊಂಡು ಮೂರು ರಾಫ್ಟ್‌ಗಳಲ್ಲಿ ಹರಿದ್ವಾರದಿಂದ ಕೋಲ್ಕತ್ತಾ ತನಕ ಗಂಗೆಯಲ್ಲಿ ಬಂದರು. ಹತ್ತಿರ ಹತ್ತಿರ 40 ದಿನ! ನಿಮ್ಮದು ಒಂದು ವಾರ. ಇಷ್ಟಕ್ಕೂ ಇಳಿತ ನೋಡಿ ಹೊಳೆಗೆ ಇಳಿಯುವ ಉಸಾಬರಿ ಕರಾವಳಿಯ ಹೆಂಗಸರಿಗೆ ದಿನನಿತ್ಯದ್ದು.

ಪ್ರಶ್ನೆ: ಕಾಳಿ ನದಿಯಲ್ಲಿ ಇದೇ ತರಹ ಮಾಡಬಹುದಾ? ನನಗೆ ಈಜು ಬಾರದು.
– ಓದುಗಿ, ಕಾರವಾರ

ಉತ್ತರ: ಕಾಳಿ ಬೇರೆಯೇ ಲೆಕ್ಕ. ಸೂಪಾ, ಕೊಡಸಳ್ಳಿ, ಕದ್ರಾ ಅಂತ ಒಂದರ ಕೆಳಗೊಂದು ಅಣೆಕಟ್ಟು. ಗಣೇಶಗುಡಿಯಲ್ಲಿ ರಾಫ್ಟಿಂಗ್ ನೀರು ಬರುವುದೇ ಸೂಪಾದಿಂದ ಬಿಟ್ಟಾಗ, ಈಗ ಕಲ್ಲು ಕಾಣುವ ಕಡೆ ಸ್ವಲ್ಪ ಹೊತ್ತಿಗೆ ಸೆಳವು ಇರುತ್ತದೆ. ಹಾಗಾಗಿ ಸ್ವಂತ ಧೈರ್ಯದ ಮೇಲೆ ಇಳಿಯಬೇಡಿ. ನೀವು ಮೊದಲು ಈಜು ಕಲಿಯಿರಿ. ಅಲ್ಲಿಯ ತನಕ ಸದಾಶಿವಗಡದ ಹತ್ತಿರ ದಡದಲ್ಲಿ ಕೂತು ಹಕ್ಕಿ ಎಣಿಸುವ ಕೆಲಸ ನಿಮ್ಮದು. ಟೋಪಿ ಮರೆಯಬೇಡಿ.